ಕಬಡ್ಡಿ ಆಡಿದವರಿಗೆ

ದಾವಣಗೆರೆ,
ಮಬ್ಬುಮಾಸದ ಐವತ್ತೊಂದನೆಯ ದಿನ, ಕ್ರಿ.ಶ. ೨೧೯೪

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ತಿಂಗಳಿಗೆ ಐವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಚಳಿಗಾಲದ ಹೊಗೆ ಕವಿದ ಮೇಲೆ ಸೂರ್ಯನ ಅಂಚು ಕಣ್ಣಿಗೆ ಬೀಳುವ ತನಕ ತಿಂಗಳು ಮುಗಿಯುವುದಿಲ್ಲ. ಸಂಬಳ ಮಾತ್ರ ತಿಂಗಳಿಗೊಮ್ಮೆಯೇ. ಈ ಪತ್ರ ನಿಮ್ಮ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ಒಯ್ಯುವವರಿಗೂ ಅದು ಗೊತ್ತಿಲ್ಲ. ನನ್ನ ಕನ್ನಡದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವು ಆಡುವಾಗ ತುಂಡು ತುಂಡಾಗಿ ಆಡುತ್ತೇವೆ. ಬರೆಯುವಾಗ ಉದ್ದ ವಾಕ್ಯದ ಚಪಲ ತೀರಿಸಿಕೊಳ್ಳುತ್ತೇವೆ. ಕೈಗೆ ಉಬ್ಬಸವಿಲ್ಲವಲ್ಲ.

ನನ್ನ ಹೆಸರು ಹೊನ್ನೇಶ. ಕನ್ನಡದಲ್ಲೇ ಓದಿ ಬಿ.ಎ. ಮುಗಿಸಿದವನಿಗೆ ಉಸಿರು ಸಂಶೋಧನಾಲಯದಲ್ಲಿ ಏನು ಕೆಲಸ ಎಂದು ನಮ್ಮ ಮಾವ ಇಂದಿಗೂ ಕೇಳುತ್ತಾರೆ. ಮಕ್ಕಳ ಶ್ವಾಸಕೋಶ ಅಳೆಯಲು ನಮ್ಮಲ್ಲಿ ಒಂದು ಗಾಜಿನ ನಳಿಗೆ ಇದೆ. ಅದರೊಳಗೊಂದು ಹಗುರ ಚೆಂಡು, ಹೊರಗೊಂದು ಕೆಂಪು ಗೆರೆ. ಊದಿದಾಗ ಚೆಂಡು ಗೆರೆ ಮುಟ್ಟಿದರೆ ಮಗು ಆರೋಗ್ಯವಂತ. ಸುಮ್ಮನೆ ಊದು ಎಂದರೆ ಮಕ್ಕಳು ಅಳುತ್ತವೆ, ಹಾಡು ಹೇಳಿದರೆ ಊದುತ್ತವೆ. ಆ ಹಾಡು ಕಟ್ಟುವವನು ನಾನು.

ಊದೋ ಮರಿ, ಊದೋ ಮರಿ,
ಚೆಂಡನು ಗೆರೆಗೆ ಏರಿಸು ಮರಿ;
ಮುಟ್ಟಿದರೆ ನೀ ಸರಿಯೇ ಸರಿ,
ಮುಟ್ಟದೆ ಹೋದರೆ ಇನ್ನೊಂದ್ ಸರಿ.

ನಮ್ಮ ದಿನಗಳು ಹೇಗಿವೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಒಣಮೆಣಸಿನಕಾಯಿ ಸಿಡಿದರೆ ಪಕ್ಕದ ಮೂರು ಮನೆಗಳು ಕೆಮ್ಮುತ್ತವೆ. ಒಗ್ಗರಣೆ ಪೇಟೆಯಿಂದ ಡಬ್ಬಿಯಲ್ಲಿ ಬರುತ್ತದೆ, ತಣ್ಣಗೆ, ಅಪರಾಧಿಯ ಹಾಗೆ. ಮಂಡಕ್ಕಿ ಜೊತೆ ಮಿರ್ಚಿ ತಿನ್ನುವ ಭಾಗ್ಯ ವರ್ಷಕ್ಕೊಮ್ಮೆ, ಊರಾಚೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಂಡು. ಮದುವೆಯಲ್ಲಿ ಓಲಗ ಊದುವವರಿಲ್ಲ, ಯಂತ್ರ ಊದುತ್ತದೆ. ರಾಜಕಾರಣಿಗಳ ಭಾಷಣ ಚಿಕ್ಕದಾಗಿದೆ. ಲಾಭದ ಕಡೆ ಬರೆಯಲು ನನಗೆ ಸಿಕ್ಕಿದ್ದು ಅದೊಂದೇ.

ಇನ್ನೊಂದು ಪದ್ಧತಿ ಇದೆ. ಮಾತಿನ ನಡುವೆ ಉಸಿರು ಸಾಲದಾದಾಗ ನಾವು ತೋರುಬೆರಳು ಎತ್ತುತ್ತೇವೆ. ಕೇಳುವವರು ಆಗ ನೆಲ ನೋಡಬೇಕು. ಒಬ್ಬರು ಉಸಿರಿಗೆ ಒದ್ದಾಡುವುದನ್ನು ಕಣ್ಣಿಟ್ಟು ನೋಡುವುದು ಒರಟುತನ. ಅವರ ಮಾತನ್ನು ನಾವೇ ಮುಗಿಸಿಕೊಡುವುದು ಅದಕ್ಕಿಂತ ದೊಡ್ಡ ಒರಟುತನ. ಗಂಡಹೆಂಡಿರಿಗೆ ಮಾತ್ರ ಇದರಲ್ಲಿ ವಿನಾಯಿತಿ. ನನ್ನ ಹೆಂಡತಿ ಅದನ್ನು ಧಾರಾಳವಾಗಿ ಬಳಸುತ್ತಾಳೆ.

ನಮ್ಮ ಸಂಶೋಧನಾಲಯದ ಮುಖ್ಯಸ್ಥೆ ಡಾಕ್ಟರ್ ನೀಲಗಂಗಾ. ಊರಿಗೆಲ್ಲ ಡಾಕ್ಟ್ರಕ್ಕ. ಸ್ವತಃ ಉಬ್ಬಸದ ಕೂಸಾಗಿ ಬೆಳೆದವರು, ಇಡೀ ಆಯಸ್ಸನ್ನು ಉಬ್ಬಸಕ್ಕೇ ಕೊಟ್ಟವರು. ಮೂಗಿನಿಂದ ಎಳೆದುಕೊಳ್ಳುವ ಒಂದು ಔಷಧ ಕಂಡುಹಿಡಿದರು. ಜನ ಅದನ್ನು ಎಳೆಪುಡಿ ಎನ್ನುತ್ತಾರೆ. ಪುಡಿ ತೆಗೆದುಕೊಂಡ ಮಕ್ಕಳು ದಶಕದಿಂದ ದಶಕಕ್ಕೆ ಹೆಚ್ಚೆಚ್ಚು ಗೆರೆ ಮುಟ್ಟತೊಡಗಿದರು. ಶಾಲು ಬಂತು, ಹಾರ ಬಂತು, ಊರೂರಿಂದ ಕರೆ ಬಂತು. ಅಕ್ಕನಿಗೆ ಶಾಲಿನ ಮೇಲೆ ನಂಬಿಕೆ ಇರಲಿಲ್ಲ. "ಉಣ್ಣೆ ಧೂಳಪ್ಪ, ಕೆಮ್ಮು ಬರ್ಸುತ್ತೆ" ಎಂದು ನನಗೆ ಕೊಟ್ಟುಬಿಡುತ್ತಿದ್ದರು. ನನ್ನ ಮನೆಯಲ್ಲಿ ಕಿಟಕಿ ಸಂದಿಗೆಲ್ಲ ಅವರ ಸನ್ಮಾನವೇ ತುರುಕಿದೆ.

ಅಕ್ಕ ನಿವೃತ್ತರಾಗುವ ಸಮಾರಂಭಕ್ಕೆಂದು, ಹಿಂದಿನವರು ಎಷ್ಟು ಕೆಮ್ಮುತ್ತಿದ್ದರು, ನಾವೆಷ್ಟು ಸುಧಾರಿಸಿದ್ದೇವೆ ಎಂದು ತೋರಿಸಲು ನಿಮ್ಮ ಕಾಲದ ವಿಡಿಯೊಗಳನ್ನು ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಕೆಮ್ಮು ಸಿಗಲಿಲ್ಲ. ಕಬಡ್ಡಿ ಸಿಕ್ಕಿತು. ಯಾವುದೋ ಸರ್ಕಾರಿ ಶಾಲೆಯ ಅಂಗಳ, ಸುಣ್ಣದ ಗೆರೆ, ಎರಡು ಜಡೆಯ ಒಬ್ಬಳು ಹುಡುಗಿ. ಕಬಡ್ಡಿ ಕಬಡ್ಡಿ ಎನ್ನುತ್ತ ಹೋಗುತ್ತಾಳೆ, ಹೋಗುತ್ತಲೇ ಇರುತ್ತಾಳೆ, ಉಸಿರು ಬಿಡುವುದಿಲ್ಲ. ವಾಪಸು ಬಂದೊಡನೆ ಒಬ್ಬ ಹುಡುಗ, "ಉಸಿರು ಬಿಟ್ಲು ಸಾರ್, ಔಟ್ ಕೊಡ್ರಿ" ಎನ್ನುತ್ತಾನೆ. ಅವಳು ಸೊಂಟಕ್ಕೆ ಕೈಯಿಟ್ಟು, "ಎಲ್ಲಿ ಬಿಟ್ನಲೇ? ಇವ್ಳ ಕಾಲ್ ಮುಟ್ಟಿದೀನಿ, ಅವ್ಳ ಜಡೇನೂ ಮುಟ್ಟಿದೀನಿ, ಸಾರೇ ನೋಡ್ಯಾರೆ, ಆಡಕ್ ಬರಲ್ಲ ಏನಿಲ್ಲ, ಸುಮ್ಕೆ ಕುಂತ್ಕಳಲೇ" ಎಂದು ಒಂದೇ ಏಟಿಗೆ ಮುಗಿಸುತ್ತಾಳೆ.

ನಾನು ನಕ್ಕೆ. ಅಕ್ಕ ನಗಲಿಲ್ಲ. "ಹೊನ್ನೇಶ, ಬೈಯೋದನ್ನ... ಇನ್ನೊಂದ್ ಸಲ ಹಾಕಪ್ಪ" ಎಂದರು. ಆಟ ಬೇಡವೇ ಎಂದು ಕೇಳಿದೆ. "ಆಟ ಅಭ್ಯಾಸದಿಂದ ಬರ್ಬೋದು. ಅಷ್ಟು ಓಡಿ ಬಂದ್ ಮೇಲೂ... ಜಗಳಕ್ಕೆ ಉಸಿರು ಉಳ್ದಿದೆಯಲ್ಲೋ."

ಮರುದಿನ ಅಕ್ಕ ನಮ್ಮಲ್ಲಿ ಗೆರೆ ಮುಟ್ಟಿದ ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಓಡುವುದು ಬೇಡ, ನಿಂತಲ್ಲೇ ಕಬಡ್ಡಿ ಅನ್ನಿ ಎಂದರು. ನಾಲ್ಕನೆಯ ಕಬಡ್ಡಿಗೇ ಬೆರಳುಗಳು ಎದ್ದವು. ಆ ಸಾಲಿನಲ್ಲಿ ನನ್ನ ಮಗಳು ಶಿವಲೀಲೆಯೂ ಇದ್ದಳು.

ಆದದ್ದು ಇಷ್ಟು. ಗೆರೆಯನ್ನು ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಎಳೆಯುತ್ತಾರೆ. ಊರಿನಲ್ಲಿ ಕಾಯಿಲೆಯಿಲ್ಲದ ಮಕ್ಕಳನ್ನು ಆರಿಸಿ, ಅವರ ಉಸಿರಿನ ಸರಾಸರಿ ತೆಗೆದು, ಅಲ್ಲಿ ಕೆಂಪು ಬಣ್ಣ ಬಳಿಯುತ್ತಾರೆ. ಕಾಯಿಲೆಯಿಲ್ಲದವರು ಯಾರು? ಉಳಿದವರಿಗಿಂತ ಕಡಿಮೆ ಕೆಮ್ಮುವವರು, ಹಿಂದಿನ ಗೆರೆಗಿಂತ ಒಂದಿಷ್ಟು ಕೆಳಗೆ ಊದಿದರೂ ಸರಿ. ಹೀಗೆ ಗೆರೆ ಪ್ರತಿ ಸಲ ಒಂದಿಷ್ಟು ಇಳಿಯಿತು, ಯಾರಿಗೂ ನೋವಾಗದಂತೆ. ಎಳೆಪುಡಿ ಮಕ್ಕಳನ್ನು ಗೆರೆಯ ತನಕ ಏರಿಸಿರಲಿಲ್ಲ, ಗೆರೆಯೇ ಮಕ್ಕಳ ತನಕ ಇಳಿದು ಬಂದಿತ್ತು. ಅಕ್ಕ ಇಡೀ ಜೀವನ ಗುಣಪಡಿಸಿದ್ದು ಗಾಜಿನ ಮೇಲಿನ ಬಣ್ಣವನ್ನು.

ಸಮಾರಂಭ ರದ್ದು ಮಾಡಿಸಿದರು. ಆ ವರ್ಷವೇ ಹೊಸ ಗೆರೆ ಬಳಿಯುವುದಿತ್ತು. ಅದು ಇಳಿದರೆ ನನ್ನ ಲೀಲೆಯಂಥ ಮಕ್ಕಳು ಪೂರ್ಣ ಆರೋಗ್ಯವಂತರಾಗಿ ಉಸಿರುಮನೆಯ ಜಾಗ ಕಳೆದುಕೊಳ್ಳುತ್ತಿದ್ದರು. ಉಸಿರುಮನೆ ಎಂದರೆ ಗಾಳಿ ಸೋಸಿ ಬಿಡುವ ತರಗತಿ; ಗೆರೆಯ ಆಸುಪಾಸಿನವರಿಗೂ ಕೆಳಗಿನವರಿಗೂ ಅಲ್ಲಿ ಜಾಗ, ಉಳಿದವರಿಗೆ ಬಯಲು. ಅಕ್ಕ ಗೆರೆ ಸಮಿತಿಯ ಮುಂದೆ ಹೋಗಿ, ನನ್ನ ಕೆಲಸವೆಲ್ಲ ಸುಳ್ಳು, ಗೆರೆ ಮೇಲೆತ್ತಿ ಎಂದು ಹೇಳುವವರಿದ್ದರು. ನಾನು ಬರೆದುಕೊಡುತ್ತೇನೆ ಎಂದೆ. "ಬೇಡಪ್ಪ, ನೀನು ಪ್ರಾಸ ಸೇರಿಸ್ತೀಯ" ಎಂದರು. ಬರೆದದ್ದನ್ನು ಸಮಿತಿ ಹೇಗೂ ಒಪ್ಪುವುದಿಲ್ಲ. ಬಾಯಿಂದ ಪೂರ್ತಿ ಹೇಳಿದ ಮಾತೇ ಅಲ್ಲಿ ಸಾಕ್ಷಿ.

ಸಮಿತಿಯ ಕೋಣೆಗೆ ಎರಡು ಮಹಡಿ ಹತ್ತಬೇಕಿತ್ತು. ಲಿಫ್ಟಿಗೆ ಅಂದು ಆರೋಗ್ಯ ಸರಿಯಿರಲಿಲ್ಲ. ಅಕ್ಕ ಮೇಜಿನ ಮುಂದೆ ನಿಂತು, "ನಮ್ ಮಕ್ಳು ಹುಷಾರಾಗಿಲ್ಲ. ನಾವು ಬರೀ ಗೆರೇನ..." ಎಂದು ಬೆರಳೆತ್ತಿದರು.

ನಾವೆಲ್ಲ ನೆಲ ನೋಡಿದೆವು.

ಸುಸಂಸ್ಕೃತರ ಕೋಣೆ ಅದು. ಅಧ್ಯಕ್ಷರು, ಸದಸ್ಯರು, ಬಾಗಿಲ ಬಳಿಯ ಜವಾನ, ನಾನು, ಒಬ್ಬರೂ ತಲೆಯೆತ್ತಲಿಲ್ಲ. ಅಲ್ಲಿಯ ಕಲ್ಲುಹಾಸಿನ ಮೇಲೆ ಎಲೆಯಾಕಾರದ ಒಂದು ಬಿರುಕಿದೆ. ಇವತ್ತಿಗೂ ಬಿಡಿಸಿ ತೋರಿಸಬಲ್ಲೆ. ಅಕ್ಕ ಕುಸಿದ ಸದ್ದು ಕೇಳಿದ ಮೇಲೆಯೇ ನಾವು ನೋಡಿದ್ದು. ಬೆರಳು ಮಡಚಿರಲಿಲ್ಲ. ಮುಖ ಎಷ್ಟು ಹೊತ್ತಿನಿಂದ ನೀಲಿಯಾಗಿತ್ತೋ ಹೇಳಲು ಸಾಕ್ಷಿಯೇ ಇಲ್ಲ. ಅಷ್ಟು ಮರ್ಯಾದೆಯಿಂದ ನಾವು ಅವರನ್ನು ಸಾಯಗೊಟ್ಟೆವು.

ಅರ್ಧ ಮಾತು ಮಾತಲ್ಲ ಎಂದು ಸಮಿತಿ ವಿಷಾದದಿಂದ ತಿಳಿಸಿತು. ಗೆರೆ ಇಳಿಯಿತು. ಅದಕ್ಕೆ ಅಕ್ಕನ ಹೆಸರಿಟ್ಟಿದ್ದಾರೆ. ಲೀಲೆ ಈಗ ಗೆರೆಗಿಂತ ಎರಡು ಬೆರಳು ಮೇಲೆ ಊದುತ್ತಾಳೆ. ಬಯಲಿನಲ್ಲಿ ಓದುತ್ತಾಳೆ, ರಾತ್ರಿ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾಳೆ.

ವಿಡಿಯೊ ನೋಡಿದ ಮಕ್ಕಳು ಬೀದಿಯಲ್ಲಿ ಕಬಡ್ಡಿ ಶುರುಮಾಡಿವೆ, ತಮ್ಮದೇ ರೀತಿಯಲ್ಲಿ. ಮೂರು ಕಬಡ್ಡಿ ಅಂದು ಲೀಲೆ ಬೆರಳೆತ್ತುತ್ತಾಳೆ. ಎದುರಾಳಿಗಳು ಹಿಡಿಯುವುದನ್ನು ಬಿಟ್ಟು ನೆಲ ನೋಡುತ್ತಾರೆ. ಅವಳು ನಿಧಾನ ಉಸಿರೆಳೆದುಕೊಂಡು ಎಲ್ಲರನ್ನೂ ಮುಟ್ಟಿ ಬರುತ್ತಾಳೆ. ಯಾರೂ ಔಟ್ ಆಗುವುದಿಲ್ಲ, ಯಾರೂ ಜಗಳವಾಡುವುದಿಲ್ಲ. ಅಷ್ಟು ಉಸಿರು ಯಾರಿಗಿದೆ?

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಅಂಗಳದಲ್ಲಿ ಜಗಳವಾಡುವ ಹುಡುಗಿಯ ಉಸಿರನ್ನು ಈಗಲೇ ಅಳೆದು, ಕಲ್ಲಿನಲ್ಲಿ ಗೆರೆ ಕೊರೆಯಿರಿ. ಮುಂದೆ ಮಕ್ಕಳಿಗೆ ಎಟುಕದಾದಾಗ ಗಾಳಿಯನ್ನು ತಿದ್ದಿ, ಕಲ್ಲನ್ನು ತಿದ್ದಬೇಡಿ. ನೀವು ಹಾಗೆ ಮಾಡಿದ್ದರೆ ನನಗೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ನನಗೂ ತಿಳಿದಿದೆ. ಬರೆದು ಮುಗಿಸುತ್ತ ಬಂದೆ, ಕಿಟಕಿಯಾಚೆ ಏನೂ ಬದಲಾಗಿಲ್ಲ. ಆದರೂ ಅಕ್ಕನ ಮಾತನ್ನು ಯಾರಾದರೂ ಮುಗಿಸಬೇಕಿತ್ತು, ಒರಟುತನವಾದರೂ ಸರಿ.

ಬೆರಳೆತ್ತಿ ನಿಂತಿದ್ದೇನೆ. ದಯವಿಟ್ಟು ನೆಲ ನೋಡಬೇಡಿ.

ಇಂತಿ,
ಹೊನ್ನೇಶ