ಐತವಾರದ ಹಾಳಿ

ಡ್ರೈವರ್ ಅಪ್ಪಾ,

ಹಿಂಗ ಕರೆದರ ನೀ ನಗ್ತಿದ್ದಿ. ಇವತ್ತು ನಗಬ್ಯಾಡ. ನಾ ಹೇಳೋದು ಪೂರಾ ಕೇಳು, ನಡುವ ಎದ್ದು ಹೋಗಬ್ಯಾಡ.

ನಾ ಸಣ್ಣಾಕಿ ಇದ್ದಾಗ ಒಮ್ಮೆ ನಿನ್ನ ಬಸ್ಸಿನಾಗ ಕಮಲಾಪುರಕ್ಕ ಹೊಂಟಿದ್ದೆ, ನೆನಪದ ಏನು? ಕಾಲಿಡಲಾಕ ಜಾಗ ಇಲ್ಲದಷ್ಟು ಮಂದಿ. ಬ್ರೇಕ್ ನೋಡೀನಿ ಅಂತ ಮೆಕ್ಯಾನಿಕ್ ಇನ್ನಾ ಸಹಿ ಮಾಡಿಲ್ಲಂತ ನೀ ಕೈಕಟ್ಟಿ ಕೆಳಗ ನಿಂತಿದ್ದಿ. "ಏ ಡ್ರೈವರಪ್ಪ, ಹೊತ್ತಾತೋ ಮಾರಾಯ, ತಗಿ ಗಾಡಿ!" ಅಂತ ಮಂದಿ ಒದರಾಡಿದ್ರು. "ಸಹಿ ಬರಲಿ ರೀ, ಸಹಿ ಇಲ್ಲದ ಗಾಡಿ ನಾ ಹತ್ತಾಂಗಿಲ್ಲ" ಅಂದಿ. ನನಗ ನಾಚಿಕಿ ಬಂದು ಕಿಡಕಿ ಕಡಿ ಮಾರಿ ತಿರುಗಿಸಿ ಕೂತಿದ್ದೆ.

ಲಕ್ವಾ ಹೊಡೆದು ನಿನ್ನ ಬಲಗೈ, ಬಲಗಾಲು, ಮಾತು ಎಲ್ಲಾ ಹೋದ ಮ್ಯಾಲ, ರೋಜಾ ಓಣಿ ಹಿಂದಿನ ಅಣ್ಣನ ಮನಿಗೆ ಸುವರ್ಣಾ ಬಂದಳು. ಮನಿಗೇ ಬಂದು ರೋಗಿ ನೋಡಿಕೊಳ್ಳೋರನ್ನ ಕಳಿಸೋ ಆಫೀಸಿನಾಕಿ. ದಿನಾ ತಾಜಸುಲ್ತಾನಪುರದಿಂದ ಆಟೋದಾಗ ಬರ್ತಿದ್ಳು. ಬಂದ ದಿನಾನೇ ನಿನ್ನ ಮಂಚದ ಮ್ಯಾಲಿನ ಗ್ವಾಡಿಗೆ ಒಂದು ಕಾಗದ ಅಂಟಿಸಿದ್ಳು: "ಮಲಗಿಸಿ ಉಣಿಸಬಾರದು. ನೆಟ್ಟಗೆ ಕೂಡಿಸಿ, ನುರಿದು, ಚಮಚದಲ್ಲಿ. ತೆಳು ನೀರು ಕೊಡಬಾರದು." ನಿನ್ನ ಗಂಟಲಾ ಸೋತದ, ನೀರು ಹಾದಿ ತಪ್ಪಿ ಎದಿಯೊಳಗ ಇಳಿತದ ಅಂತ ನಮಗ ಎಷ್ಟು ಸಲ ತಿಳಿಸಿ ಹೇಳಿದ್ಳು! ಎರಡು ತಾಸಿಗೊಮ್ಮೆ ನಿನ್ನ ಮಗ್ಗಲಾ ಬದಲಿಸ್ತಿದ್ಳು, ಮಾಡಿದ್ದೆಲ್ಲಾ ಒಂದು ನೋಟ್‌ಬುಕ್ಕಿನಾಗ ಬರೀತಿದ್ಳು. ಸಂಜಿಗೆ ಮನಿಗೆ ಹೋಗೋ ಮುಂದ ಅದನ್ನ ನಿನ್ನ ಮುಂದ ಹಿಡೀತಿದ್ಳು. ನೀ ಸಾವಕಾಶ ಓದಿ, ಎಡಗೈಲೆ ಒಂದು ಸೊಟ್ಟ ಗೆರಿ ಎಳೀತಿದ್ದಿ. ಡಿಪೋದ ಚಟ ಮಂಚದ ಮ್ಯಾಲೂ ಬಿಟ್ಟಿರಲಿಲ್ಲ ನೋಡು ನಿನಗ.

ನನಗ ಮಾತ್ರ ಆಕಿನ್ನ ಕಂಡ್ರ ಆಗ್ತಿರಲಿಲ್ಲ. ನಮ್ಮ ಮಂದಿ ನಿನಗ ಗೊತ್ತಲ್ಲ, ರೋಗಿ ನೋಡಲಾಕ ಬಂದೋರು ಬಾಯಿಗೆ ಏನರೆ ಇಟ್ಟಲ್ಲದ ಹೋಗಾಂಗಿಲ್ಲ. ಸೋದರತ್ತಿ ಒಂದು ಗಿಲಾಸ್ ನೀರು ಕುಡಿಸಲಾಕ ಬಂದರ ಸುವರ್ಣಾ ಕೈ ಅಡ್ಡ ಹಿಡಿದಳು. "ತಮ್ಮ ನೀರಿಲ್ಲದ ಒಣಗಾಕತ್ಯಾನಲ್ಲೇ, ಮಗಳಾಗಿ ಸುಮ್ಮನ ನಿಂತೀಯಲ್ಲ!" ಅಂತ ಅತ್ತಿ ಎಲ್ಲಾರ ಮುಂದ ಅಂದ್ರು. ನನ್ನ ಮೈ ಉರಿದು ಹೋಯ್ತು. "ನೀ ಪಗಾರದಾಕಿ, ನಾ ಮಗಳು. ನಮ್ಮಪ್ಪಗ ಏನು ಬೇಕು ನನಗ ಗೊತ್ತಿಲ್ಲೇನು?" ಅಂದೆ. ಸುವರ್ಣಾ ನಿನ್ನ ಬೆನ್ನಿಗಿ ದಿಂಬು ಸರಿ ಮಾಡಿದಳು.

ಮುಂದಿನ ಐತವಾರ ಕಮಲಾಪುರಕ್ಕ ಹೋಗಿ ಬರಾಗ ಕೆಂಪು ಬಾಳಿಹಣ್ಣು ತಂದೆ. ಡ್ಯೂಟಿ ಮುಗಿಸಿ ಬರಾಗ ಸೀಟಿನ ಹಿಂದ ಇಟ್ಟು ನೀ ನನಗ ತರ್ತಿದ್ದಿಯಲ್ಲ, ಅದೇ ಹಣ್ಣು. ಅದರ ವಾಸನಿಗೆ ನೀ ಕಣ್ಣು ತೆಗೆದಿ. ನುರಿದು ಕೊಡ್ತೀನಿ ತಡೀರಿ ಅಂದಳು ಸುವರ್ಣಾ. ನಾ ಬೇಕಂತಲೇ ಆಕಿನ್ನ ಚಾದರ ತರಲಾಕ ಮಾಳಗಿ ಮ್ಯಾಲ ಕಳಿಸಿದೆ. ಮಲಗಿದ್ದ ಹಂಗೇ ನಿನ್ನ ಬಾಯಾಗ ತುಂಡು ಇಟ್ಟೆ. ಮತ್ತೊಂದು. ನಿನ್ನ ಕಣ್ಣಾಗ ನೀರು ಬಂದ್ವು, ಖುಷಿಗೆ ಅನಕೊಂಡೆ. ಮ್ಯಾಲ ಗಿಲಾಸಿಲೆ ನೀರು ಕುಡಿಸಿದೆ. ಆಮ್ಯಾಲ ನಿನ್ನ ಕೆಮ್ಮು... ಆ ಸಪ್ಪಳ ಇನ್ನಾ ನನ್ನ ಕಿವ್ಯಾಗ ಅದ ಅಪ್ಪಾ. ಸುವರ್ಣಾ ಓಡಿ ಬಂದು ನಿನ್ನ ಎಬ್ಬಿಸಿ ಬೆನ್ನು ಗುದ್ದಿದ್ಳು. "ಈಗೇ ಡಾಕ್ಟರಿಗೆ ತೋರಸ್ರಿ ಅಕ್ಕಾರೆ" ಅಂತ ಕಾಲು ಬಿದ್ದಂಗ ಬೇಡಿಕೊಂಡ್ಳು. ಕೆಮ್ಮು ನಿಂತದಲ್ಲ, ಅಣ್ಣಗ ಹೇಳಬ್ಯಾಡ ಅಂದೆ. ಯಾಕ ಹಂಗಂದೆ? ಯಾರ ಮುಂದ ನನ್ನ ಮಾನ ಉಳಿಬೇಕಿತ್ತು?

ಮಂಗಳವಾರ ಜ್ವರ ಬಂತು. ಉಂಡದ್ದು ಎದಿಯೊಳಗ ಇಳಿದು ಶ್ವಾಸಕೋಶ ಕೆಟ್ಟದ ಅಂದ್ರು ದವಾಖಾನ್ಯಾಗ. ಶುಕ್ರವಾರ ನೀ ಹೋದಿ.

ನಿನಗ ಮಣ್ಣು ಕೊಟ್ಟು ಬಂದ ಮೂರನೇ ದಿನ ಉಂಡದ್ದು ಎದಿಗೆ ಹೆಂಗ ಇಳೀತು ನೋಡಲಾಕ ಅಣ್ಣ ಆ ನೋಟ್‌ಬುಕ್ ಹುಡುಕಾಕತ್ತಿದ. ಅವನಿಗಿಂತ ಮೊದಲು ನನಗ ಸಿಕ್ಕಿತು. "ಐತವಾರ, ಮಧ್ಯಾಹ್ನ. ಮಗಳು ಮಲಗಿಸಿಯೇ ಹಣ್ಣು, ನೀರು ಕೊಟ್ಟರು. ಜೋರು ಕೆಮ್ಮು. ಡಾಕ್ಟರಿಗೆ ತೋರಿಸಲು ಮಗಳಿಗೆ ಹೇಳಿದೆ." ಆ ಹಾಳಿ ಹರಿದು ಕುಬಸದಾಗ ಇಟ್ಟುಕೊಂಡೆ. ಐತವಾರದ ಹಾಳಿ ಇಲ್ಲದ ನೋಟ್‌ಬುಕ್ ಹಿಡಕೊಂಡು ಅಣ್ಣ ಆಫೀಸಿಗೆ ಹೋಗಿ ಜಗಳಾಡಿದ. ತಪ್ಪು ಮುಚ್ಚಲಾಕ ಸುವರ್ಣಾನೇ ಹಾಳಿ ಹರದಾಳ ಅಂತ ಅವರು ಆಕಿನ್ನ ಕೆಲಸದಿಂದ ತೆಗೆದ್ರು. ಆಕಿ ನಮ್ಮ ಬಾಗಿಲಿಗೆ ಬಂದು, "ಅಕ್ಕಾರೆ, ನೀವರೆ ಹೇಳ್ರಿ" ಅಂದಳು. ಅಣ್ಣ ನನ್ನ ಮಾರಿ ನೋಡಿದ. ನಾ ನೆಲ ನೋಡಿದೆ.

ಆರು ತಿಂಗಳು ಆ ಹಾಳಿ ನನ್ನ ಟ್ರಂಕಿನಾಗ ಇತ್ತು. ಮೊನ್ನಿ ಸೀರಿ ತಗಿಯಾಗ ಕೈಗೆ ಬಂತು. ಹರಿಯೋ ಗಡಿಬಿಡ್ಯಾಗ ನಾ ತಳಕ್ಕ ನೋಡಿರಲಿಲ್ಲ ಅಪ್ಪಾ. ತಳಕ್ಕ ನಿನ್ನ ಸೊಟ್ಟ ಗೆರಿ. ಅಂದ್ರ ಆ ಸಂಜಿ ನೀ ಎಲ್ಲಾ ಓದಿದ್ದಿ. ಗ್ವಾಡಿ ಮ್ಯಾಲಿನ ಕಾಗದಾನೂ ದಿನಾ ಓದ್ತಿದ್ದಿ. ಬ್ರೇಕ್ ಇಲ್ಲದ ಗಾಡಿ ಅಂತ ಗೊತ್ತಿದ್ದೂ ಯಾಕ ಹತ್ತಿದಿ? ಬಾಯಿ ಮುಚ್ಚಿದ್ರ ಸಾಕಿತ್ತಲ್ಲ. ಮಾರಿ ಹೊಳ್ಳಿಸಿದ್ರ ಸಾಕಿತ್ತು. ಮಗಳ ಮನಸು ನೋಯ್ತದಂತ...

ಮೊದಲು ಅಣ್ಣನ ಮುಂದ ಹಾಳಿ ಇಟ್ಟೆ. ಓದಿ ಒಳಗ ಹೋದಾಂವ ಇನ್ನಾ ನನ್ನ ಕೂಡ ಮಾತಾಡಿಲ್ಲ. ನಿನ್ನೆ ಸೂಪರ್ ಮಾರ್ಕೆಟ್ ಹತ್ರದ ಆ ಆಫೀಸಿಗೆ ಹೋಗಿ ಎಲ್ಲಾ ಹೇಳಿದೆ. ಸುವರ್ಣಾನ್ನ ಕರೆಸಿದ್ರು. ತೊಗರಿ ಹೊಲದ ಕೂಲಿಯಿಂದ ಹಂಗೇ ಬಂದಿದ್ಳು, ಸೆರಗಿಗೆಲ್ಲಾ ಧೂಳು. ಕೆಲಸ ಮತ್ತ ಕೊಡ್ತೀವಿ ಅಂದ್ರು, ಆಕಿ ಹೂಂ ಅಂದಳು. ನಾ ಕೈ ಮುಗಿದೆ. ನನ್ನ ಕಡಿ ನೋಡಲಿಲ್ಲ. ನಿನ್ನ ಗೆರಿ ಮ್ಯಾಲ ಬಟ್ಟು ಇಟ್ಟು, "ಅಪ್ಪಾರು ಸಹಿ ತಪ್ಪಸ್ತಿರಲಿಲ್ಲ" ಅಂತ ಅಷ್ಟೇ ಅಂದಳು.

ಆಫೀಸಿನವರು ಹಾಳಿ ಮತ್ತ ನೋಟ್‌ಬುಕ್ಕಿಗೆ ಅಂಟಿಸಿದ್ರು. ಬರೆದದ್ದು ಖರೆ ಅಂದ್ರ ಇಲ್ಲಿ ಸಹಿ ಮಾಡ್ರಿ ಅಂದ್ರು. ನಿನ್ನ ಗೆರಿ ಕೆಳಗ ನನ್ನ ಹೆಸರು ಬರೆದೀನಿ ಅಪ್ಪಾ.

ನಿನ್ನ ಮಗಳು