ಅಗ್ನಿರಾಣಿಯ ರಾಗ

ಉದ್ಯಮಬಾಗ, ಬೆಳಗಾವಿ

ಪ್ರಮಿಳಾ ಅವರಿಗೆ ನಮಸ್ಕಾರ.

ನಿಮ್ಮ ವೆಬ್‌ಕಾಮಿಕ್ಕಿನ ಅಗ್ನಿರಾಣಿ ಪಾತ್ರಕ್ಕೆ ನಾನು ಮಾಡಿದ ರಾಗಕ್ಕೆ ಆದ ಖರ್ಚು ನಾಲ್ಕು ಭಾನುವಾರ, ಖಾನಾಪುರ ದಾಟಿ ಕಣಕುಂಬಿಗೆ ಎರಡು ಸಲ ಬಸ್ಸು, ಮಂಜಿನಲ್ಲಿ ಕೆಟ್ಟ ಒಂದು ಮೈಕು. ಅದನ್ನು ಕೇಳಿ ನೀವು ಬರೆದದ್ದು ಇಷ್ಟೇ: "ರಾಣಿ ಬೆಂಕಿ ಅದಾಳ, ನೀವು ಜೋಗುಳ ಕಳಿಸೀರಿ. ಶುಕ್ರವಾರದೊಳಗ ನಗಾರಿ ಹಾಕ್ರಿ, ಇಲ್ಲಾಂದ್ರ ಬ್ಯಾರೆಯವ್ರಿಗೆ ಕೊಡ್ತೀನಿ."

ಹಳೇ ಸ್ಪೀಕರ್ ಮಾರಿ ಸ್ಟುಡಿಯೋ ಕಟ್ಟಿದವನು ನಾನು. ಗಿರಾಕಿ ಕೇಳಿದ್ದನ್ನು ಕೊಡುವುದು ನನಗೂ ಗೊತ್ತು. ಅದೇ ಕಾಮಿಕ್ಕಿನ ನರಿಮಂತ್ರಿಗೆ ಪುಂಗಿಯ ರಾಗ ಇಟ್ಟಾಗ ನೀವೇ ಮೆಚ್ಚಿದ್ದಿರಿ.

ಆದರೆ ಕಾಡಿನ ಸದ್ದು ಹಿಡಿಯಲು ಹೋದ ಸಂಜೆ, ಎಮ್ಮೆಗಳನ್ನು ಕರೆಯುವ ದನಿಯೊಂದು ಮಂಜಿನೊಳಗಿಂದ ತೇಲಿ ಬಂತು. ಕಾಡೇ ನಿದ್ದೆಯಲ್ಲಿ ಗುನುಗಿದಂತಿತ್ತು. ಒಂದೊಂದು ಎಮ್ಮೆಗೆ ಒಂದೊಂದು ಧಾಟಿ. ಹತ್ತಿರ ಹೋಗಿ ಮಾತಾಡಿಸಿದಾಗ ಗೊತ್ತಾಯಿತು, ಅವರು ನಿಮ್ಮ ತಾಯಿ ಸಾತವ್ವ.

"ಅಂಜೂ ಎಮ್ಮಿನ ಜೋರಾಗಿ ಕರದು ಧೈರ್ಯಾ ಕೊಡಬೇಕು. ಸಿಟ್ಟಿನ ಎಮ್ಮಿನ ಮೆತ್ತಗ ಕರೀಬೇಕಪಾ," ಎಂದರು.

"ಮತ್ತ ಮಗಳನ್ನ ಹೆಂಗ ಕರೀತಿದ್ರಿ?"

"ಅಕಿ ಎಲ್ಲಾರಕಿಂತ ಸಿಟ್ಟಿನಾಕಿ," ಎಂದು ನಕ್ಕು, ಕಣ್ಣು ಮುಚ್ಚಿ ಗುನುಗಿದರು. ಅದನ್ನೇ ಕೊಳಲಿಗೆ ಇಳಿಸಿ ನಿಮಗೆ ಕಳಿಸಿದೆ.

ನೀವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಯಿತಂತೆ. ಅದು ನನ್ನ ಬಾಬತ್ತಲ್ಲ. ಇನ್ನೊಮ್ಮೆ ಕೇಳಿ ನೋಡಿ. ಆಮೇಲೂ ನಗಾರಿಯೇ ಬೇಕೆಂದರೆ ಹಾಕಿಕೊಡುತ್ತೇನೆ.

ಸದ್ಯಕ್ಕೆ ರಾಣಿಗೆ ರಾಗ ಸಿಕ್ಕಿತು. ನನಗೆ ನಿಮ್ಮ ತಾಯಿ ಕೊಟ್ಟ ಎರಡು ಲೋಟ ಮಜ್ಜಿಗೆ ಮತ್ತು ನಿಮ್ಮ ಬೈಗುಳ ಸಿಕ್ಕವು. ನಿಮಗೆ ಶುಕ್ರವಾರದವರೆಗೆ ಸಮಯ ಸಿಕ್ಕಿದೆ. ಸಾತವ್ವನಿಗೆ ಇನ್ನೂ ಏನೂ ಸಿಕ್ಕಿಲ್ಲ.

ಇತಿ,
ಮುಜಮ್ಮಿಲ