ತೇವಕ್ಕೆ ಒಣಗಿದ ಹಲಗೆ

ಹನೋಯ್, ಸೋಮವಾರ

ಅಪ್ಪನಿಗೆ ಲಿಯೆಮ್‌ನ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು.

ಈ ಹೊಸ ಚಿತ್ರಶಾಲೆಗೆ ಹೊರಟಾಗ ನೀವು, "ಮೆರುಗು ಬರೋಕೆ ಮರದ ಸೊನೆ ಬಳಿಯೋ ಕೈ ನಿಂದು. ಫ್ರೆಂಚರ ಹತ್ರ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯೋ?" ಎಂದಿರಿ. ಈಗ ಕೇಳಿ. ನಮ್ಮ ಫ್ರೆಂಚ್ ಮೇಷ್ಟ್ರು ಮೆಸ್ಯೂ ಬೆರ್ಜೆಗೆ ಆ ಸೊನೆಯಲ್ಲೇ ಚಿತ್ರ ಬರೆಯುವ ಹುಚ್ಚು ಹಿಡಿದಿದೆ. ಬಳಿದ ಹಲಗೆಯನ್ನು ಮೂರು ದಿನ ಬಿಸಿಲಿಗಿಟ್ಟರು. ನೊಣ ಅಂಟಿದವೇ ಹೊರತು ಹಲಗೆ ಒಣಗಲಿಲ್ಲ.

"ಸಾರ್, ಇದು ಒಣಗೋದು ತೇವದಲ್ಲಿ," ಎಂದೆ.

"ನೀರಲ್ಲಿ ಬಟ್ಟೆ ಒಣಗಿಸೋ ಊರೇನಯ್ಯಾ ನಿಮ್ದು?" ಎಂದರು. ತರಗತಿಯೆಲ್ಲ ನಕ್ಕಿತು.

ನಾನು ಹಲಗೆಯನ್ನು ಪೆಟ್ಟಿಗೆಯಲ್ಲಿಟ್ಟು, ನೀವು ಮಾಡುವ ಹಾಗೆಯೇ ಒದ್ದೆ ಗೋಣಿ ಹೊದಿಸಿದೆ. ಮರುದಿನ ಮೇಷ್ಟ್ರು ಉಗುರಿನಿಂದ ತಟ್ಟಿದರೆ ಟಣ್ ಎಂದಿತು.

"ಯಾರಯ್ಯಾ ಕಲಿಸಿದ್ದು?"

"ನಮ್ಮಪ್ಪ. ಗುಡಿ ಕಂಬಗಳಿಗೆ ಬಳೀತಾರೆ."

"ಮತ್ತೆ ಇಲ್ಲಿ ನಾನ್ಯಾಕೆ ಮೇಷ್ಟ್ರು? ಅವರನ್ನ ಕರೆಸು, ಬಂದು ಕಲಿಸಲಿ."

ಸಂಬಳವೂ ಉಂಟು, ತಪ್ಪದೆ ಬನ್ನಿ. ಬರುವಾಗ ಹಿತ್ತಲಿನ ಧಾರೆಹುಳಿ ಸೊಪ್ಪು ಒಂದು ಹೊರೆ ತನ್ನಿ, ಕುದಿಸಿ ಮುಖ ತೊಳೆಯುವುದಕ್ಕೆ. ನನಗಲ್ಲ. ಬರಿಗೈಯಲ್ಲಿ ಹಸಿ ಸೊನೆ ಮುಟ್ಟಿದ್ದಕ್ಕೆ ನಂಜೇರಿ ಮೇಷ್ಟ್ರ ಮುಖ ಊದಿ ಹಲಸಿನ ಹಣ್ಣಾಗಿದೆ, ಎರಡು ಕಣ್ಣೂ ಮುಚ್ಚಿಹೋಗಿವೆ. ನಿಮ್ಮ ಕೈ ನೋಡುವುದಕ್ಕಾದರೂ ಅವರಿಗೆ ಕಣ್ಣು ಬೇಕಲ್ಲ!

ನಿಮ್ಮ ಲಿಯೆಮ್